ಕುಸುಬಿ ಎಣ್ಣೆಯೂ ಮಾವನ ರಿವಾಲ್ವರೂ

ನಮ್ಮ ಮನೆಯಲ್ಲಿ ಏನಾದರೂ ಕೆಟ್ಟು ನಿಂತರೆ ನಾನು ಮೊದಲು ಹುಡುಕುವುದು ಪಾನಾ, ಪಕ್ಕಡಗಳನ್ನಲ್ಲ. ಒಂದು ಹಳೆಯ ಇಳಕಲ್ ಸೀರೆಯನ್ನು. ಮೊನ್ನೆ ಹೊಸದಾಗಿ ಬಂದ ಮಿಕ್ಸರ್ ಒಮ್ಮೆ ಗುರ್ರೆಂದು ಸುಮ್ಮನಾದಾಗಲೂ ಹಾಗೇ ಆಯಿತು. ನಾನು ಟ್ರಂಕಿನೊಳಗೆ ಕೈ ಹಾಕಿದ್ದನ್ನು ನೋಡಿ ಹೆಂಡತಿ ಅಡುಗೆಮನೆಯಿಂದಲೇ ಹೇಳಿದಳು:

"ಸೀರಿ ಬೇಕಾದ್ರ ತಗೋರಿ. ಮಿಕ್ಸರ್ ಮುಟ್ಟಬ್ಯಾಡ್ರಿ. ಹ್ವಾದ ವರ್ಷ ರೇಡಿಯೋ ಬಿಚ್ಚಿದ್ರಿ, ಅದು ಇನ್ನೂ ಬಾಯಿ ಬಿಟ್ಟಿಲ್ಲ."

ರೇಡಿಯೋದ ಮಾತು ಬೇರೆ. ಅದರಲ್ಲಿ ತಿರುಗುವ ಸಾಮಾನು ಕಡಿಮೆ. ತಿರುಗುವ ಯಾವುದನ್ನೇ ಆಗಲಿ ನಾನು ಬಿಚ್ಚಿ ಕೂಡಿಸಬಲ್ಲೆ. ಅದರ ಗುಟ್ಟನ್ನು ನಿಮಗೆ ಪುಕ್ಕಟೆ ಹೇಳುತ್ತೇನೆ, ಕೇಳಿ. ನಮ್ಮ ಕಡೆಯ ಸೀರೆಯ ಸೆರಗಿನಲ್ಲಿ ಒಂದು ಕೆಂಪು ಪಟ್ಟಿ, ಒಂದು ಬಿಳಿ, ಮತ್ತೆ ಕೆಂಪು, ಮತ್ತೆ ಬಿಳಿ, ಕಡೆಗೆ ಕೆಂಪು ಇರುತ್ತವೆ. ಮೊದಲು ಕಳಚಿದ ದೊಡ್ಡ ಸಾಮಾನನ್ನು ಮೊದಲ ಕೆಂಪಿನ ಮೇಲಿಡಬೇಕು. ಅದರ ಸ್ಕ್ರೂ, ಸ್ಪ್ರಿಂಗು ಪಕ್ಕದ ಬಿಳಿಯ ಮೇಲೆ. ಹೀಗೆ ಸಾಗುತ್ತ ಹೋಗಿ, ಕೂಡಿಸುವಾಗ ಸೆರಗನ್ನು ಹಿಂದಿನಿಂದ ಮುಂದಕ್ಕೆ ಓದಿಕೊಂಡು ಬಂದರೆ ಮುಗಿಯಿತು. ಬಿಳಿಯ ಮೇಲೆ ಸಣ್ಣ ಸಾಮಾನು ಎದ್ದು ಕಾಣುತ್ತದೆ, ಕಳೆಯುವುದಿಲ್ಲ. ಈ ಪದ್ಧತಿಯನ್ನು ನನಗೆ ಯಾವ ಮೇಸ್ತ್ರಿಯೂ ಕಲಿಸಲಿಲ್ಲ. ಸೀರೆ ನೇಯುವ ಊರಿನಲ್ಲಿ ತಾಯಿಯ ಪಕ್ಕದಲ್ಲಿ ಕೂತು ನೂಲಿನ ಕಂಡಿಕೆ ಸುತ್ತಿ ಬೆಳೆದವನಿಗೆ ಪಟ್ಟಿಗಳಲ್ಲದೆ ಮತ್ತೇನು ಹೊಳೆಯಬೇಕು?

ಇದೇ ವಿದ್ಯೆಯಿಂದ ನಾನು ಮನುಷ್ಯನಾದೆ. ಎಪ್ಪತ್ತರ ದಶಕದಲ್ಲಿ ಹುನಗುಂದ, ಬಾಗಲಕೋಟೆ, ಬಾದಾಮಿಗಳ ಮೂಲೆಗಳಲ್ಲಿ ತುಕ್ಕು ಹಿಡಿದು ಬಿದ್ದ ಹೊಲಿಗೆ ಯಂತ್ರಗಳನ್ನು ಕೊಂಡು ತಂದು, ಬಿಚ್ಚಿ, ತೊಳೆದು, ಕೂಡಿಸಿ ಮಾರುತ್ತಿದ್ದೆ. ಕೊಳ್ಳುವವರಿಗೂ ಒಂದು ಮಾತು. ನಿಮಗೆ ಬೇಕಾದ ವಸ್ತುವನ್ನು ಎಂದೂ ನೇರವಾಗಿ ನೋಡಬೇಡಿ. ಹುನಗುಂದದ ಒಂದು ಮನೆಯಲ್ಲಿ ಯಂತ್ರದ ಕಾಲಿಗೆ ಒಂದು ಆಡು ಕಟ್ಟಿದ್ದರು. ನಾನು ಯಂತ್ರದ ಕಡೆ ತಿರುಗಿಯೂ ನೋಡದೆ ಆಡಿನ ವಯಸ್ಸು, ಹಲ್ಲು, ಹಾಲು ಎಲ್ಲ ವಿಚಾರಿಸಿದೆ. ಎಷ್ಟು ವಿಚಾರಿಸಿದೆನೆಂದರೆ ಮನೆಯ ಮುದುಕಿ ಮನಸ್ಸು ಕರಗಿ ಆಡನ್ನೂ ನನ್ನ ಕೊರಳಿಗೆ ಕಟ್ಟಿದಳು. ಆ ದಿನ ಬಸ್ಸಿನ ಮೇಲೆ ಯಂತ್ರ, ಒಳಗೆ ನಾನು ಮತ್ತು ಆಡು ಇಳಕಲ್ಲಿಗೆ ಬಂದೆವು. ಆ ವ್ಯವಹಾರದಲ್ಲಿ ಗೆದ್ದದ್ದು ನಾನೋ ಮುದುಕಿಯೋ ಎಂಬುದು ಇಂದಿಗೂ ನನಗೆ ಬಗೆಹರಿದಿಲ್ಲ. ಅದಾದರೂ ಆಡಿನ ಮಾತು. ಮಾವನ ರಿವಾಲ್ವರಿನ ವಿಷಯದಲ್ಲಿ ಆದ ಗೊಂದಲ ಅದಕ್ಕಿಂತ ದೊಡ್ಡದು.

ನನ್ನ ಸೋದರಮಾವ, ಅಂದರೆ ತಾಯಿಯ ಅಣ್ಣ, ಚೊಳಚಗುಡ್ಡದವರು. ವೀಳ್ಯದ ಎಲೆಬಳ್ಳಿಯ ತೋಟ ಅವರದು. ಪ್ರಾಯದಲ್ಲಿ ಎಲೆಯ ಪೆಂಡಿಗಳನ್ನು ಗಾಡಿಗೆ ಹೇರಿಕೊಂಡು ಬೆಳಗಾಗುವುದರೊಳಗೆ ಬಾಗಲಕೋಟೆಯ ಪೇಟೆ ಮುಟ್ಟುತ್ತಿದ್ದರಂತೆ. ದಾರಿಯಲ್ಲಿ ಕಳ್ಳರ ಅಂಜಿಕೆ ಇದ್ದುದರಿಂದ ಲೈಸೆನ್ಸ್ ಮಾಡಿಸಿ ಆ ರಿವಾಲ್ವರ್ ತಂದರು. ಕಳ್ಳರು ಅದನ್ನು ಎಂದೂ ನೋಡಲಿಲ್ಲ. ಅದು ತನ್ನ ಆಯುಷ್ಯದಲ್ಲಿ ಹಾರಿಸಿದ್ದು ಒಂದೇ ಗುಂಡು, ಅದೂ ಆಕಾಶಕ್ಕೆ, ತೋಟಕ್ಕೆ ನುಗ್ಗಿದ ಮಂಗಗಳ ಸಲುವಾಗಿ. ಮಂಗಗಳು ಗಿಡದ ತುದಿಗೆ ಹೋಗಿ ಕೂತು ನೋಡಿದವು. ಮನೆಯೊಳಗೆ ಸಪ್ಪಳಕ್ಕೆ ಬೆಚ್ಚಿದ ಅತ್ತೆಯ ಕೈಯಿಂದ ಮೊಸರಿನ ಗಡಿಗೆ ಜಾರಿ ಒಡೆಯಿತು. ಮಂಗಗಳು ಇಳಿದು ಬಂದು ಮೊಸರು ತಿಂದು ಹೋದವು.

ಆದರೂ ಆ ರಿವಾಲ್ವರಿಗೆ ಒಂದು ಮರ್ಯಾದೆ ಇತ್ತು. ಪ್ರತಿ ಮಹಾನವಮಿಗೆ ಆಯುಧಗಳ ಖಂಡೇ ಪೂಜೆಯ ದಿನ ಕುಡಗೋಲು, ಸಲಿಕೆ, ಎಲೆ ಕೊಯ್ಯುವ ಉಕ್ಕಿನ ಉಗುರು ಎಲ್ಲ ಸಾಲಾಗಿ ಗೋಡೆಗೆ ಆನಿಕೊಂಡು ವಿಭೂತಿ ಹಚ್ಚಿಸಿಕೊಳ್ಳುತ್ತಿದ್ದವು. ನಡುವೆ ಮಣೆಯ ಮೇಲೆ ರಿವಾಲ್ವರ್. ಅದರ ಹಿಂದಿನ ದಿನ ಮಾವ ಪಡಸಾಲೆಯಲ್ಲಿ ಕೂತು ಅದನ್ನು ತಾವೇ ಬಿಚ್ಚಿ ಒರೆಸಿ ಕೂಡಿಸುವರು. ಬೇರೆಯವರು ಮುಟ್ಟುವಂತಿರಲಿಲ್ಲ. ಸಣ್ಣವನಿದ್ದಾಗ ಒಮ್ಮೆ ಕೈ ಚಾಚಿದ್ದಕ್ಕೆ ಮಾವ ಬರೀ ನನ್ನ ಬೆರಳುಗಳನ್ನು ನೋಡಿದ್ದರು. ನಾನು ಆ ಕೈಯನ್ನು ಬಹಳ ಹೊತ್ತು ಬೆನ್ನ ಹಿಂದೆ ಇಟ್ಟುಕೊಂಡು ತಿರುಗಿದ್ದೆ.

ಅಂಥ ಮಾವ ಒಂದು ವರ್ಷ ಖಂಡೇ ಪೂಜೆಗೆ ನಾನು ಹೋದಾಗ ತಾವಾಗಿಯೇ ಕರೆದರು.

"ತಮ್ಮಾ, ಈ ವರ್ಷ ನೀ ಮಾಡು. ಮಂದಿ ಮಶೀನ ಬಿಚ್ಚಾವ ನೀ. ನಿನ್ನ ಕೈಗುಣಾನೂ ನೋಡೂಣು."

ನನಗೆ ಹಿಗ್ಗಾಯಿತು. ಇಡೀ ಬಳಗದಲ್ಲಿ ನನ್ನನ್ನೇ ಆರಿಸಿದರಲ್ಲ. ಅವರು ಗುಂಡುಗಳನ್ನು ತೆಗೆದು ಡಬ್ಬಿಗೆ ಹಾಕಿ ಅತ್ತೆಯ ಕೈಗೆ ಕೊಟ್ಟರು. ಆಮೇಲೆ ರಿವಾಲ್ವರಿನ ಗಾಲಿಯನ್ನು ಹೊರಳಿಸಿದರು. ಗುಂಡು ತುಂಬುವ ಆರು ತೂತಿನ ಉರುಳೆಗೆ ಅವರು ಗಾಲಿ ಎನ್ನುತ್ತಿದ್ದರು. ಆ ಆರು ತೂತುಗಳಲ್ಲೂ ಒಂದೊಂದಾಗಿ ಕಿರುಬೆರಳು ಹಾಕಿ ನೋಡಿದರು. ಎಷ್ಟು ಎಚ್ಚರಿಕೆಯ ಮನುಷ್ಯ ಅಂದುಕೊಂಡೆ. ನಂತರ ಅದನ್ನು ನನ್ನ ಕೈಗಿತ್ತು, ತಾವು ಕಂಬಕ್ಕೆ ಒರಗಿ ಅಂಗಳದ ಕಡೆ ಮುಖ ಮಾಡಿ ಕೂತುಬಿಟ್ಟರು. ನಾನು ಮಾಡುವುದನ್ನು ಒಮ್ಮೆಯೂ ತಿರುಗಿ ನೋಡಲಿಲ್ಲ. ಕೈಗುಣ ನೋಡುತ್ತೇನೆ ಎಂದವರು ಅಂಗಳ ನೋಡುತ್ತ ಕೂತದ್ದೇಕೆ ಎಂದು ನನಗೆ ತಿಳಿಯಲಿಲ್ಲ.

ಆ ದಿನ ನಾನು ಪೂರ್ತಿ ಬಿಚ್ಚಲಿಲ್ಲ. ಗಾಲಿ ತೆಗೆದೆ, ನಳಿಗೆಯಲ್ಲಿ ಅರಿವೆ ಆಡಿಸಿದೆ. ಯಂತ್ರಕ್ಕೆ ಬಿಡುವ ಎಣ್ಣೆಯ ಡಬ್ಬಿ ನೋಡಿದರೆ ಖಾಲಿ. ಬಾದಾಮಿಗೆ ಹೋಗಿ ತರಬೇಕು. ಮನೆಯಲ್ಲಿ ಗಾಣದಿಂದ ಆಗಷ್ಟೇ ಬಂದ ಕುಸುಬಿ ಎಣ್ಣೆ ಗಡಿಗೆ ತುಂಬ ಇರುವಾಗ ಪೇಟೆಗೆ ಓಡುವುದು ಯಾವ ಜಾಣತನ? ಎಣ್ಣೆ ಎಂದರೆ ಎಣ್ಣೆ. ಒಂದು ಬಟ್ಟಲು ತಂದು ಸಿಕ್ಕ ಸಿಕ್ಕ ಸಂದಿಯಲ್ಲೆಲ್ಲ ಧಾರಾಳವಾಗಿ ಬಿಟ್ಟೆ. ಗಾಲಿ ಬೆಣ್ಣೆಯಲ್ಲಿ ತಿರುಗಿದಂತೆ ತಿರುಗಿತು.

ಮಾವ ಮೂಗು ಅರಳಿಸಿದರು. "ಏನಲೇ ಅದು, ಬಜಿ ಕರದಂಗ ವಾಸನಿ?"

"ಎಣ್ಣಿರಿ ಮಾವಾ. ತಾಜಾ ಐತಿ."

ಅವರು ಬೈಯುತ್ತಾರೆಂದು ಕಾದೆ. "ಹೂಂ" ಅಂದರು, ಅಷ್ಟೇ.

ಎಳ್ಳ ಅಮಾವಾಸ್ಯೆಯ ಸುಮಾರಿಗೆ ಇಳಕಲ್ಲಿಗೆ ಒಂದು ಕಾರ್ಡು ಬಂತು: "ರಿವಾಲ್ವರಿನ ಗಾಲಿ ತಿರುಗುವುದಿಲ್ಲ. ಲೈಸೆನ್ಸಿನ ಮುದ್ದತು ತೀರಿದೆ. ಸೋಮವಾರ ಠಾಣೆಗೆ ಒಯ್ಯಬೇಕಾಗಿದೆ. ಕೂಡಲೇ ಬರುವುದು." ಅಕ್ಷರ ಮಾವನದಲ್ಲ, ಊರಿನ ಸಾಲಿ ಮಾಸ್ತರರದು, ದುಂಡಗೆ ಮುತ್ತಿನಂತೆ ಇತ್ತು. ದೊಡ್ಡ ಮನುಷ್ಯರಾದರು, ಈಗ ಕಾರ್ಡನ್ನೂ ಬರೆಸುತ್ತಾರೆ ಅಂದುಕೊಂಡೆ.

ಕಾರ್ಡು ಓದಿ ನಾನು ಮಾಡಿಕೊಂಡ ಅರ್ಥ ಇಷ್ಟು. ಹತ್ಯಾರ ಸುಸ್ಥಿತಿಯಲ್ಲಿಲ್ಲ ಎಂದು ಠಾಣೆಯವರು ಲೈಸೆನ್ಸ್ ಮುಂದುವರಿಸುವುದಿಲ್ಲ. ಮಾವನ ರಿವಾಲ್ವರ್ ಹೋಗುತ್ತದೆ. ಅದರ ಜೊತೆಗೆ ಮೂವತ್ತು ವರ್ಷದ ಮರ್ಯಾದೆ ಹೋಗುತ್ತದೆ. ಹೋಗುವುದು ನನ್ನ ಎಣ್ಣೆಯಿಂದ. ಶನಿವಾರವೇ ಪಾನಾ, ಪಕ್ಕಡ ಕಟ್ಟಿಕೊಂಡು ಹೊರಟೆ.

ಬಾದಾಮಿಯಿಂದ ಚೊಳಚಗುಡ್ಡಕ್ಕೆ ಹೋಗುವ ಬಸ್ಸಿನಲ್ಲಿ ಬನಶಂಕರಿಯ ಒಬ್ಬ ತೆಂಗಿನಕಾಯಿ ವ್ಯಾಪಾರಿ ಪಕ್ಕದಲ್ಲಿ ಕೂತ. ನಾನು ಯಾರ ಮನೆಗೆ ಹೊರಟವನೆಂದು ತಿಳಿದು ಮುಖ ಸಿಂಡರಿಸಿದ.

"ನಿಮ್ಮ ಮಾವಾಗ ಭಾಳ ಗತ್ತ ಬಂದೈತಿ ಬಿಡ್ರಿ. ಎದುರಿಗೆ ನಿಂತು ಶರಣು ಅಂದ್ರೂ ಹಂಗ ಹೊಂಟ ಬಿಡ್ತಾರ."

"ರಿವಾಲ್ವರ್ ಇದ್ದವರು ಅಷ್ಟಾದ್ರೂ ಗತ್ತ ಮಾಡ್ಲಿಲ್ಲಂದ್ರ ಹೆಂಗ್ರಿ?" ಎಂದು ನಾನು ಮಾವನ ಪರ ಮಾತಾಡಿದೆ. ಒಳಗೊಳಗೆ ನನಗೂ ಹಾಗೇ ಅನಿಸಿತ್ತು.

ಮನೆಯಲ್ಲಿ ಅತ್ತೆ ರಿವಾಲ್ವರನ್ನು ನನ್ನ ಮುಂದಿಟ್ಟರು. ಸಂದಿಸಂದಿಗಳಲ್ಲಿ ಕಂದು ಬಣ್ಣದ ಅಂಟು ಗಟ್ಟಿಯಾಗಿ ಕೂತಿತ್ತು, ಬೇವಿನ ಗಿಡದ ಗೋಂದಿನಂತೆ. ಗಾಲಿ ಅಲುಗಲಿಲ್ಲ.

"ಕುಸಬಿ ಎಣ್ಣಿ ಆರಿದ್ರ ಬಂಕ ಆಗತೈತಿ," ಅಂದರು ಅತ್ತೆ. "ನಮ್ಮ ಎಣ್ಣಿ ಗಡಿಗಿ ಬಾಯಿ ಒಮ್ಮೆರ ಮುಟ್ಟಿಯೇನ? ಊರ ಮಶೀನೆಲ್ಲ ರಿಪೇರಿ ಮಾಡ್ತಾನಂತ, ಅಡಗಿ ಮನ್ಯಾಗಿಂದು ತಿಳೀಲಿಲ್ಲ."

ನೀವೂ ನೆನಪಿಟ್ಟುಕೊಳ್ಳಿ. ಕುಸುಬಿ ಎಣ್ಣೆ ಪಲ್ಯಕ್ಕೆ ಚೊಲೊ, ದೀಪಕ್ಕೆ ಚೊಲೊ, ಕಬ್ಬಿಣದ ಸಂದಿಗೆ ಮಾತ್ರ ಬೇಡ.

ರವಿವಾರ ಉಂಡ ಮೇಲೆ ಅಂಗಳದ ಬಿಸಿಲಿಗೆ ಅತ್ತೆಯ ಹಳೆಯ ಸೀರೆ ಹಾಸಿ ಕೂತೆ. ಈ ಸಲ ಪೂರ್ತಿ ಬಿಚ್ಚಲೇಬೇಕಿತ್ತು. ಚಿಮಣಿ ಎಣ್ಣೆಯಲ್ಲಿ ನೆನೆಸಿ, ಒಂದೊಂದೇ ಸ್ಕ್ರೂ ಬಿಡಿಸಿ, ಹಿಡಿಕೆಯ ಎರಡು ಕಟ್ಟಿಗೆ ತುಂಡು, ಪಕ್ಕದ ತಗಡು, ಗುಂಡಿಗೆ ಬಡಿಯುವ ಕುದುರೆ, ಸ್ಪ್ರಿಂಗುಗಳು ಎಲ್ಲವನ್ನೂ ತೆಗೆದು ಒರೆಸಿ, ನಾನು ಹೇಳಿದೆನಲ್ಲ, ಆ ಪದ್ಧತಿಯಂತೆ ಪಟ್ಟಿ ಪಟ್ಟಿಯಾಗಿ ಇಟ್ಟೆ. ಕಡೆಯ ಕೆಂಪು ತುಂಬಿತು. ನೋಡಲು ಚೆಂದವಿತ್ತು. ಹೆಮ್ಮೆಯಿಂದ ಕೈ ತೊಳೆಯಲು ಹಿತ್ತಲಿಗೆ ಹೋದೆ.

ಬಂದು ನೋಡಿದರೆ ಅಂಗಳ ಬರಿದು. ಸೀರೆಯಿಲ್ಲ, ಸಾಮಾನಿಲ್ಲ.

"ಅತ್ತಿ, ಇಲ್ಲಿದ್ದದ್ದೆಲ್ಲಾ ಎಲ್ಲಿ ಹೋತು?"

"ಮಂಗ ಬಂದ್ವು. ಒಂದೊಂದ ಹೊತಗೊಂಡ ಹೋಗ್ತಾವಂತ ನಾಕೂ ಚುಂಗ ಹಿಡದು ಗಂಟ ಕಟ್ಟಿ ಒಳಗ ತಂದೇನಿ. ಒಂದೂ ಹೋಗಿಲ್ಲ, ಎಣಸ್ಕೊ."

ಮಂಗಗಳು ಗೋಡೆಯ ಮೇಲೆ ಕೂತೇ ಇದ್ದವು. ಅತ್ತೆ ಮಾಡಿದ್ದು ಸರಿ. ಗಂಟು ಬಿಚ್ಚಿದೆ. ಮೊದಲಿನದು ಕಡೆಗೆ, ಕಡೆಯದು ಮೊದಲಿಗೆ, ಎಲ್ಲ ಕೂಡಿ ಚುರಮುರಿಯಾಗಿತ್ತು. ನಾನು ಒಂದು ತಾಸು ಹೆಣಗಿದೆ. ಯಾವ ಸ್ಪ್ರಿಂಗನ್ನು ಎಲ್ಲಿಟ್ಟರೂ ಕೂತಂತೆಯೂ ಅನಿಸುತ್ತಿತ್ತು, ಕೂರದಂತೆಯೂ ಅನಿಸುತ್ತಿತ್ತು. ಒಮ್ಮೆ ಎಲ್ಲ ಸೇರಿತು, ಆದರೆ ಎರಡು ಸ್ಕ್ರೂ ಉಳಿದವು. ಇನ್ನೊಮ್ಮೆ ಎಲ್ಲ ಸ್ಕ್ರೂ ಹೋದವು, ಕುದುರೆ ಉಳಿಯಿತು. ಹೊಲಿಗೆ ಯಂತ್ರದಲ್ಲಾದರೆ ಉಳಿದದ್ದನ್ನು ಕಿಸೆಗೆ ಹಾಕಿಕೊಂಡು ಸುಮ್ಮನಿರಬಹುದು. ಇಲ್ಲಿ ಹಾಗೆ ಬರುವುದಿಲ್ಲ.

ಒಳಗೆ ಮಲಗಿದ್ದ ಮಾವ ಎದ್ದು ಬಂದು ಪಡಸಾಲೆಯಲ್ಲಿ ಕೂತರು. ನನ್ನ ಉಸಿರಿನ ಸಪ್ಪಳದಿಂದಲೇ ಅವರಿಗೆ ಗೊತ್ತಾಗಿರಬೇಕು.

"ಸೋತೇನು?"

"ಗಂಟ ಕಟ್ಟಿ ಗೊಂದಲ ಆತ್ರಿ ಮಾವಾ."

"ಇಲ್ಲೆ ತಾ."

ಸೀರೆಯನ್ನು ಅವರ ಮುಂದೆ ಹರವಿದೆ. ಅವರು ಮುಖವನ್ನು ಮೇಲಿನ ಜಂತಿಯ ಕಡೆ ಮಾಡಿದರು. ಬೆರಳುಗಳು ಮಾತ್ರ ಸೀರೆಯ ಮೇಲೆ ಇಳಿದವು, ಎಲೆಯ ಪೆಂಡಿಯಲ್ಲಿ ಬಲಿತದ್ದು ಎಳೆಯದು ಬೇರೆ ಮಾಡುವಾಗ ಇಳಿಯುವಂತೆ. "ಇದಲ್ಲ. ಇದು. ಇದರ ಬೆನ್ನಿಗೆ ಇದು." ಟಿಕ್, ಟಿಕ್ ಎಂದು ಒಂದೊಂದೇ ಹೋಗಿ ಕೂರತೊಡಗಿತು. ನಾನು ಬಾಯಿ ತೆರೆದು ನೋಡುತ್ತಿದ್ದೆ. ನಡುವೆ ಕೈ ನಿಂತಿತು.

"ಒಂದ ಸಣ್ಣ ಸ್ಪ್ರಿಂಗ ಐತೆಲಾ, ಎಲ್ಲೈತಿ?"

ಅದು ಬಿಳಿ ಪಟ್ಟಿಯ ಮೇಲೆ, ಬೆಳಕಿನಲ್ಲಿ, ಅವರ ಎಡಗೈಗೆ ಎರಡು ಬೆರಳಿನಷ್ಟು ದೂರದಲ್ಲಿ ಕಪ್ಪಗೆ ಬಿದ್ದಿತ್ತು. ನನ್ನನ್ನು ಪರೀಕ್ಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಅವರ ಕೈ ಸ್ಪ್ರಿಂಗಿನ ಸುತ್ತ ಒಂದು ಸುತ್ತು ಬಂದು ಅದನ್ನು ಮುಟ್ಟದೆ ಹೋಯಿತು. ಚೇಷ್ಟೆಯೇನೋ ಅಂದುಕೊಂಡೆ. ಮಾವ ಚೇಷ್ಟೆ ಮಾಡುವವರಲ್ಲ. ಕೈ ಮತ್ತೊಂದು ಸುತ್ತು ಬಂತು. ಆಗ ನನಗೆ ಒಮ್ಮೆಲೆ ಅಂಗಳ ನೋಡುತ್ತ ಕೂತದ್ದು, ಮಾಸ್ತರರ ದುಂಡಕ್ಷರ, ತೆಂಗಿನಕಾಯಿಯವನ ಸಿಟ್ಟು ಎಲ್ಲ ಅರ್ಥವಾಗಿ, ಅರ್ಥವಾದದ್ದನ್ನು ಏನು ಮಾಡಬೇಕೆಂಬುದು ಅರ್ಥವಾಗದೆ ಕೂತೆ. ಕಡೆಗೆ ಸೀರೆಯ ಅಂಚನ್ನು ಮೆಲ್ಲಗೆ ಎತ್ತಿದೆ. ಸ್ಪ್ರಿಂಗು ಉರುಳಿ ಅವರ ಬೆರಳಿಗೆ ತಾಗಿತು.

ಮಾವ ಅದನ್ನು ಎರಡು ಬೆರಳುಗಳ ನಡುವೆ ಹಿಡಿದರು.

"ನೀ ಸರಿಸಿದೇನು?"

"ಇಲ್ರಿ. ನೆಲಾ ಇಳಿಜಾರ ಐತಿ. ತಾನ ಉಳ್ಳಿ ಬಂತು."

"ಈ ಪಡಸಾಲಿಗೆ ಕಲ್ಲ ಹಾಸಿ ಇಪ್ಪತ್ತ ವರ್ಷ ಆತು," ಅಂದರು ಮಾವ. "ಇಳಿಜಾರ ಇದ್ದದ್ದು ಇವತ್ತ ಗೊತ್ತಾತು ನೋಡು."

ಉಳಿದದ್ದನ್ನು ಕೂಡಿಸಿ ಗಾಲಿ ತಿರುಗಿಸಿ ನನ್ನ ಕಿವಿಯ ಹತ್ತಿರ ಹಿಡಿದರು. ಅದು ಗಿರಿಗಿರಿ ತಿರುಗಿತು.

ಸೋಮವಾರ ಹೊರಡುವುದರೊಳಗೆ ನಾನು ನನ್ನ ತಲೆಯಲ್ಲಿ ಒಂದು ವ್ಯವಸ್ಥೆ ಮಾಡಿಕೊಂಡಿದ್ದೆ. ಠಾಣೆಯಲ್ಲಿ ಅರ್ಧ ಹೆಜ್ಜೆ ಮುಂದೆ ನಾನು. ಮಾತೆಲ್ಲ ನನ್ನದು. ಕಾಗದ ಕೊಟ್ಟರೆ ಸಹಿ ಮಾಡುವ ಜಾಗದಲ್ಲಿ ನನ್ನ ಬೆರಳು. ಕಣ್ಣಿಲ್ಲದವರ ಹೆಸರಿನಲ್ಲಿ ರಿವಾಲ್ವರ್ ಉಳಿಸುವುದು ತಪ್ಪು ಎಂಬುದು ಆ ಹೊತ್ತಿಗೆ ನನಗೆ ಹೊಳೆಯಲೇ ಇಲ್ಲ. ಬಾಗಿಲಲ್ಲಿ ಅತ್ತೆ ನನ್ನ ತೋಳು ಹಿಡಿದು ಸಣ್ಣ ದನಿಯಲ್ಲಿ ಹೇಳಿದರು: "ಮೆಟ್ಟಲ ಬಂದಲ್ಲೆ ಒಮ್ಮೆ ಕೆಮ್ಮು. ನಾ ಹಂಗ ಮಾಡ್ತೇನಿ."

ಬಾದಾಮಿಯ ಠಾಣೆಯ ಮುಂದೆ ಮೂರು ಮೆಟ್ಟಿಲು. ನಾನು ಮೂರು ಸಲ ಕೆಮ್ಮಿದೆ.

ಫೌಜದಾರರು ಮರ್ಯಾದಸ್ಥರು. ಎದ್ದು ಕುರ್ಚಿ ಕೊಟ್ಟರು. ರಿವಾಲ್ವರನ್ನು ತೆರೆದು ನೋಡಿ, ಗಾಲಿ ತಿರುಗಿಸಿ, "ಹಳೇದಾದ್ರೂ ಭಾಳ ಸ್ವಚ್ಛ ಇಟ್ಟೀರಿ ಯಜಮಾನರ," ಅಂದರು. ನಾನು ಇನ್ನೇನು ಅರ್ಜಿ ಮುಂದಿಡಬೇಕು, ಅಷ್ಟರಲ್ಲಿ ಮಾವ ಹೇಳಿದರು:

"ಇದನ್ನ ಜಮಾ ಮಾಡ್ಕೋರಿ ಸಾಹೇಬ್ರ. ಲೈಸನ್ಸ ಮುಂದುವರಸೂದು ಬ್ಯಾಡ."

"ಯಾಕ್ರಿ?"

"ನನಗ ಕಣ್ಣ ಕಾಣಂಗಿಲ್ರಿ."

ಇಷ್ಟು ದಿನ ಊರೆಲ್ಲ ಗತ್ತು ಅಂದರೂ ಬಾಯಿ ಬಿಡದ ಮಾತನ್ನು ಅವರು ಎಲೆ ಅಡಿಕೆ ಕೇಳಿದಷ್ಟು ಸಲೀಸಾಗಿ ಹೇಳಿಬಿಟ್ಟರು. ನನಗೆ ತಡೆಯಲಾಗಲಿಲ್ಲ. ಕೈ ಬಿಟ್ಟು ಹೋಗುವ ಮಾಲನ್ನು ನೋಡಿ ಸುಮ್ಮನಿರುವ ಅಭ್ಯಾಸ ನನಗಿಲ್ಲ.

"ಸಾಹೇಬ್ರ, ಅದು ಪೊರಿ ಇರಬೇಕ್ರಿ. ಆಪರೇಶನ್ ಮಾಡಿಸಿದ್ರ ವರ್ಷದಾಗ..."

"ತಮ್ಮಾ, ಸುಮ್ಮಕಿರು. ಇದು ಸಂತಿ ಅಲ್ಲ," ಅಂದರು ಮಾವ. ಮತ್ತೆ ಫೌಜದಾರರ ಕಡೆ ತಿರುಗಿ, "ಹುಬ್ಬಳ್ಯಾಗ ತೋರಿಸಿ ಬಂದೇನ್ರಿ. ಪೊರಿ ಅಲ್ಲಂತ. ಒಳಗಿನ ನರಾ ಒಣಗ್ಯಾವಂತ."

ಫೌಜದಾರರು ರಿವಾಲ್ವರನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. ಆಮೇಲೆ ನನ್ನನ್ನು ತೋರಿಸಿ, "ಇವರ ಹೆಸರಿಗೆ ಮಾಡಾಕ ಅರ್ಜಿ ಕೊಡ್ತೀರೇನು?" ಎಂದು ಕೇಳಿದರು.

"ಬ್ಯಾಡ್ರಿ. ಇಂವಾ ಬಜಿ ಎಣ್ಣಿ ಹಾಕ್ತಾನು."

ಪೊಲೀಸಪ್ಪ ಒಬ್ಬ ಪಾವತಿ ಬರೆದುಕೊಟ್ಟ. ಹೊರಗೆ ಬಂದೆವು. ಇಳಿಯುವಾಗ ನಾನು ಕೆಮ್ಮುವುದನ್ನೂ ಮರೆತಿದ್ದೆ. ಮಾವ ತಾವಾಗಿಯೇ ನನ್ನ ಹೆಗಲ ಮೇಲೆ ಕೈಯಿಟ್ಟು ಇಳಿದರು. ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತ ಮೇಲೂ ನನ್ನ ತಲೆ ತಿಳಿಯಾಗಲಿಲ್ಲ.

"ಕೊಡೂದ ಇತ್ತಂದ್ರ ನನ್ನ ಯಾಕ ಅಲ್ಲಿಂದ ಕರಸಿದ್ರಿ ಮಾವಾ? ತಿರಗಲಿ ಬಿಡಲಿ, ಹಂಗ ಕೊಟ್ಟಿದ್ರ ನಡೀತಿತ್ತು."

"ಹೊಲಸ ಆದದ್ದನ್ನ ಹಂಗ ಕೊಡಾಕ ಬರ್ತೈತೇನ?"

ಕೊಳ್ಳುವವನಿಲ್ಲದ ಮಾಲನ್ನು ತೊಳೆದವನಲ್ಲ ನಾನು. ಮೂರು ದಿನದಿಂದ ನಾನು ಯಾವುದನ್ನು ಉಳಿಸಲು ಒದ್ದಾಡುತ್ತಿದ್ದೆನೋ ಅದನ್ನು ಅವರು ಆಗಲೇ ಬಿಟ್ಟುಬಿಟ್ಟಿದ್ದರು. ಹಾಗಾದರೆ ಅವರು ಉಳಿಸಿಕೊಂಡದ್ದು ಏನು?

ಮಾವ ಕಿಸೆಯಿಂದ ಪಾವತಿ ತೆಗೆದು ನನ್ನ ಕಡೆ ಚಾಚಿದರು. "ಓದು. ನನಗ ಕಾಣಂಗಿಲ್ಲ."

ಅದರಲ್ಲಿ ಹೆಸರು, ನಂಬರು ಬಿಟ್ಟರೆ ಇದ್ದದ್ದು ಮೂರೇ ಮಾತು: "ಹಳೆ ರಿವಾಲ್ವರ್ ಒಂದು." ನಾನು ಜೀವಮಾನದಲ್ಲಿ ಹಳೆಯದನ್ನು ಬರೀ ಹಳೆಯದು ಎಂದು ಯಾರಿಗೂ ಒಪ್ಪಿಸಿದವನಲ್ಲ. ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ಓದಿದೆ:

"ರಿವಾಲ್ವರ್ ಒಂದು. ಅತ್ಯಂತ ಸ್ವಚ್ಛ. ಗಾಲಿ ಸರಾಗವಾಗಿ ತಿರುಗುತ್ತದೆ. ಮೊದಲಿನಿಂದ ಒಬ್ಬರ ಕೈಯಲ್ಲೇ ಇದ್ದದ್ದು."

ಮಾವ ತಲೆಯಾಡಿಸಿದರು. ಬಸ್ಸು ಬರುವುದು ತಡವಾಯಿತು. ಒಂದು ಎಲೆ ಮಡಚಿ ಬಾಯಿಗೆ ಹಾಕಿಕೊಂಡು, ಅಗಿದು, ರಸ್ತೆಯ ಕಡೆ ಮುಖ ಮಾಡಿಯೇ ಹೇಳಿದರು: "ಇನ್ನೊಮ್ಮಿ ಓದು."

"ರಿವಾಲ್ವರ್ ಒಂದು," ಎಂದೆ. "ಅತ್ಯಂತ ಸ್ವಚ್ಛ. ಮೊದಲಿನಿಂದ ಒಬ್ಬರ ಕೈಯಲ್ಲೇ ಇದ್ದದ್ದು."

"ಗಾಲಿ ಮಾತ ಬಿಟ್ಟಿ," ಅಂದರು ಮಾವ.